ನನ್ನ ಒಲೆಗೂ ಒಂದು ಕರೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಕಟ್ಟಿದವನು ಗಂಡಸೇ ಇರಬೇಕು. ಹೆಂಗಸಾಗಿದ್ದರೆ, ಅದರಲ್ಲೂ ಒಬ್ಬಂಟಿ ಹೆಂಗಸಾಗಿದ್ದರೆ, ಖೋಲಿ ಬಾಡಿಗೆ ಹಿಡಿದು ನೋಡು ಎಂದು ಮೂರನೆಯದನ್ನೂ ಸೇರಿಸುತ್ತಿದ್ದಳು. ನಾನು ಮೊದಲೆರಡನ್ನು ಮಾಡಲಿಲ್ಲ. ಮೂರನೆಯದನ್ನು ಮಾಡಿದೆ, ಹುಮನಾಬಾದಿನಲ್ಲಿ, ಅರವತ್ತರ ದಶಕ ಮುಗಿಯುತ್ತ ಬಂದಿದ್ದಾಗ. ಆಗ ನನಗೆ ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು.

ನಾನು ಕಲ್ಯಾಣದವಳು. ಈಗ ಎಲ್ಲರೂ ಬಸವಕಲ್ಯಾಣ ಎನ್ನುತ್ತಾರೆ, ನಮ್ಮ ಬಾಯಲ್ಲಿ ಅದು ಇನ್ನೂ ಬರೀ ಕಲ್ಯಾಣ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ನಾನು ಏಳನೇ ಇಯತ್ತೆಯಲ್ಲಿದ್ದೆ. ಅಲ್ಲಿಯವರೆಗೆ ಶಾಲೆಯಲ್ಲಿ ಉರ್ದು, ಅಂಗಡಿಯಲ್ಲಿ ಮರಾಠಿ, ಒಲೆಯ ಮುಂದೆ ಮಾತ್ರ ಕನ್ನಡ. ಒಮ್ಮೆಲೇ ಕನ್ನಡ ಕಲಿಸುವವರು ಬೇಕಾದರು. ನಮ್ಮಪ್ಪ ಪಾಟಿಯ ಮೇಲೆ ಅಕ್ಷರ ತಿದ್ದಿಸಿದ್ದರಿಂದ ನನಗೆ ಶಾಲೆಯ ನೌಕರಿ ಸಿಕ್ಕಿತು. ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ಅಣ್ಣನ ಮನೆಯಲ್ಲಿದ್ದೆ. ಬಂದ ವರಗಳಿಗೆ ನಾನು ಸೇರಲಿಲ್ಲ, ಇಲ್ಲವೇ ಅವರು ನನಗೆ ಸೇರಲಿಲ್ಲ. ಸ್ವಲ್ಪ ದಿನಕ್ಕೆ ವರಗಳು ಬರುವುದೂ ನಿಂತಿತು.

ನಮ್ಮ ಅತ್ತಿಗೆ ಕೆಟ್ಟವಳಲ್ಲ. ಹೊಟ್ಟೆ ತುಂಬ ಹಾಕುತ್ತಿದ್ದಳು, ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಆದರೆ ದಿನಾ ಹಿಟ್ಟು ನಾದಲು ಕೂತಾಗ ರೊಟ್ಟಿಯ ಲೆಕ್ಕ ಬಾಯಲ್ಲೇ ಹಾಕುತ್ತಿದ್ದಳು. "ನಾವ್ ನಾಕ್ ಮಂದಿ, ಮತ್ತ ನೀವು." ಆ "ಮತ್ತ ನೀವು" ಎಂಬುದನ್ನು ಎಂಟು ವರ್ಷ ಕೇಳಿದೆ. ಒಂದು ಸಲವಾದರೂ ಬಾಯಿತಪ್ಪಿ ಐದು ಎಂದಿದ್ದರೆ ನಾನು ಆ ಮನೆ ಬಿಟ್ಟು ಕದಲುತ್ತಿರಲಿಲ್ಲವೇನೋ. ಹುಮನಾಬಾದಿಗೆ ವರ್ಗವಾದಾಗ ಅಣ್ಣ ರದ್ದು ಮಾಡಿಸೋಣ ಎಂದ. ನಾನು ಬೇಡ ಎಂದೆ. ನನ್ನದೇ ಒಂದು ಮನೆ ಇರಬೇಕು, ಅದರಲ್ಲಿ ನಾನು ಯಾರ ಲೆಕ್ಕದ ಬಾಲವೂ ಆಗಿರಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಹುಮನಾಬಾದಿನಲ್ಲಿ ಒಂದು ವಾರ ಖೋಲಿ ಹುಡುಕಿದೆ. ಎಲ್ಲ ಕಡೆ ಮೊದಲ ಪ್ರಶ್ನೆ ಒಂದೇ.

"ಎಷ್ಟ್ ಮಂದಿ ಅದೀರಿ?"

"ನಾ ಒಬ್ಬಾಕೀನೇ ರಿ."

"ಒಬ್ಬಾಕಿಗಿ ಮನಿ ಯಾಕ ಬೇಕ್ರಿ?"

ಒಬ್ಬರು, ಗಂಡ ಮಿಲಿಟರಿಯಲ್ಲಿದ್ದಾನೇನು ಎಂದು ತಾವೇ ಅನುಕೂಲ ಮಾಡಿಕೊಡಲು ನೋಡಿದರು. ನಾನು ಹೂಂ ಎಂದಿದ್ದರೆ ಮನೆ ಸಿಗುತ್ತಿತ್ತು. ಇನ್ನೊಬ್ಬರು ಖೋಲಿ ತೋರಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ಅದರಲ್ಲಿ ಕಡಲೆಯ ಚೀಲ ತುಂಬುವುದು ಈಗಷ್ಟೇ ನೆನಪಾಯಿತು ಎಂದರು. ಕಡಲೆ ಚೀಲಕ್ಕಿಂತ ಕಡೆಯಾದೆನಲ್ಲ ಎಂದು ನಗು ಬಂತು, ಸ್ವಲ್ಪ ದೂರ ಹೋದ ಮೇಲೆ ಕಣ್ಣಲ್ಲಿ ನೀರೂ ಬಂತು.

ಕೊನೆಗೆ ನಮ್ಮ ಶಾಲೆಯ ಹಿರಿಯ ಶಿಕ್ಷಕಿ ಬಾಯಿಯೊಬ್ಬರು ದಾಣೆ ಬಜಾರಿನ ಹಿಂದಿನ ಗಲ್ಲಿಯ ಒಂದು ಹಳೆಯ ವಾಡೆಗೆ ಕರೆದುಕೊಂಡು ಹೋದರು. ಕಲ್ಲಿನ ದೊಡ್ಡ ಬಾಗಿಲು, ಒಳಗೆ ಶಾಬಾದಿ ಕಲ್ಲು ಹಾಸಿದ ಅಂಗಳ, ಅಂಗಳದ ಸುತ್ತ ಮನೆ. ಎಲ್ಲರೂ ಆಯಿ ಎನ್ನುತ್ತಿದ್ದ ಅರವತ್ತು ದಾಟಿದ ಮನೆಯೊಡತಿ, ಬಜಾರಿನಲ್ಲಿ ಕಾಳುಕಡಿಯ ಅಡತಿ ಅಂಗಡಿ ಇದ್ದ ಮಗ, ಸೊಸೆ, ಶಾಲೆಗೆ ಹೋಗುವ ಮೊಮ್ಮಗಳು, ಇಷ್ಟೇ ಜನ. ಬಾಗಿಲಿನ ಪಕ್ಕದ ಖೋಲಿ ಖಾಲಿ ಇತ್ತು. ಆಯಿ ಎಷ್ಟು ಮಂದಿ ಎಂದು ಕೇಳಲಿಲ್ಲ. "ಊಟಾತೇನ?" ಎಂದು ಕೇಳಿದಳು. ಆಮೇಲೆ ಖೋಲಿ ತೋರಿಸಿ, "ಒಂದ್ ಹೊಟ್ಟಿಗಿ ಬ್ಯಾರೆ ಒಲಿ ಯಾಕವ್ವ? ನಮ್ಮ ಸೊಸಿ ಎರಡ್ ರೊಟ್ಟಿ ಹೆಚ್ಚಿಗಿ ಬಡೀತಾಳ, ನಮ್ಮಲ್ಲೇ ಉಣ್ಣು" ಎಂದಳು.

ಇನ್ನೊಂದು ಮನೆಯಲ್ಲಿ ಇನ್ನೊಬ್ಬರ ಸೊಸೆ ನನಗಾಗಿ ಎರಡು ರೊಟ್ಟಿ ಹೆಚ್ಚಿಗೆ ಬಡಿಯುವುದು! ನನಗೆ ಮೈ ಉರಿಯಿತು.

"ಇಲ್ರಿ ಆಯಿ. ನನ್ನ ಒಲಿ ನನಗ ಇರ್ಲಿ. ಒಪ್ಪಿಗಿ ಇದ್ರ ಖೋಲಿ ಕೊಡ್ರಿ, ಇಲ್ಲಾಂದ್ರ ಬಿಡ್ರಿ."

ಕರೆದುಕೊಂಡು ಬಂದ ಬಾಯಿ ನನ್ನ ಮೊಣಕೈ ತಿವಿದರು. ಆಯಿ ಮಾತ್ರ ನಕ್ಕಳು. "ಭಾಳ ಹಠಮಾರಿ ಅದೀ ನೀ. ಇರ್ಲಿ ಬಾ." ಮರುದಿನ ನಾನು ಟ್ರಂಕು, ಹಾಸಿಗೆ ಹೊತ್ತು ಬರುವಷ್ಟರಲ್ಲಿ, ನನ್ನ ಬಾಗಿಲ ಮುಂದಿನ ತಗಡಿನ ಚಪ್ಪರದ ಕೆಳಗೆ ಹೊಸ ಮಣ್ಣಿನ ಒಲೆ ಹಾಕಿ, ಸೆಗಣಿ ಸಾರಿಸಿ ಒಣಗಲು ಬಿಟ್ಟಿದ್ದಳು. ಆ ವಯಸ್ಸಿನಲ್ಲಿ ತಾನೇ ನಿಂತು ಮಣ್ಣು ತುಳಿದಿದ್ದಳು.

ಇಲ್ಲಿ ಒಲೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಡೆ ಊಟಕ್ಕೆ ಕರೆಯುವುದು ಎರಡು ಬಗೆ. ಒಂದು, ಮನೆಗೊಬ್ಬರು. ಬಂದವರು ಬಾಗಿಲಲ್ಲಿ ನಿಂತು ಹಾಗೆಂದು ಹೇಳಿದರೆ ಮನೆಯಿಂದ ಒಬ್ಬರು ಹೋಗಿ ಉಂಡು ಬಂದರೆ ಸಾಕು. ಇನ್ನೊಂದು ಒಲಿಬಂದ್. ಹಾಗೆಂದರೆ ಆ ದಿನ ನಿಮ್ಮ ಒಲೆ ಹೊತ್ತಬಾರದು, ಹಸುಗೂಸಿನಿಂದ ಹಿಡಿದು ಮುದುಕರವರೆಗೆ ಎಲ್ಲರೂ ಅಲ್ಲೇ ಉಣ್ಣಬೇಕು. ಒಲಿಬಂದ್ ಹೇಳಿಸಿಕೊಂಡ ಮನೆಯಿಂದ ಆ ದಿನ ಹೊಗೆ ಎದ್ದರೆ, ಕರೆದವರ ಮುಖಕ್ಕೆ ಉಗುಳಿದ ಹಾಗೆ. ಜನ ಸತ್ತರೂ ಅದನ್ನು ಮರೆಯುವುದಿಲ್ಲ.

ಕರೆ ಬರುವುದು ಒಲೆಗೆ, ಮನುಷ್ಯರಿಗಲ್ಲ. ಅಣ್ಣತಮ್ಮಂದಿರು ಬೇರೆಯಾದರೆ ಹೊಲ ಹಂಚುವುದಕ್ಕಿಂತ ಮೊದಲು ಒಲೆ ಎರಡಾಗುತ್ತದೆ, ಅಂದಿನಿಂದ ಕರೆಯುವವರು ಎರಡು ಬಾಗಿಲಲ್ಲಿ ನಿಲ್ಲುತ್ತಾರೆ. ನಮ್ಮಪ್ಪ, ಕಾಕಾ ಬೇರೆಯಾದಾಗ ಕಾಕೂ ತನ್ನ ಹೊಸ ಒಲೆಗೆ ಮೊದಲ ಕರೆ ಯಾವಾಗ ಬರುತ್ತದೆಂದು ದಿನಾ ಹೊಸ್ತಿಲಲ್ಲಿ ಕೂತಿರುತ್ತಿದ್ದಳು. ಬಂದ ದಿನ ಗಲ್ಲಿಯ ಮಕ್ಕಳಿಗೆಲ್ಲ ಸಕ್ಕರೆ ಹಂಚಿದಳು. ನಾನೂ ಒಂದು ಮುಷ್ಟಿ ತಿಂದಿದ್ದೆ. ಕರೆ ಬಂದರೆ ಮನೆ, ಇಲ್ಲದಿದ್ದರೆ ಬರೀ ನಾಲ್ಕು ಗೋಡೆ ಎಂಬುದು ನನಗೆ ಅಂದೇ ಮನಸ್ಸಿನಲ್ಲಿ ಕೂತಿರಬೇಕು.

ಒಬ್ಬಳೇ ಇರುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಶಾಲೆ ಇರುವ ದಿನ ಪರವಾಗಿರಲಿಲ್ಲ. ಭಾನುವಾರ ಮಧ್ಯಾಹ್ನಗಳು ಮಾತ್ರ ಮುಗಿಯುತ್ತಿರಲಿಲ್ಲ. ಎರಡು ರೊಟ್ಟಿ ಬಡಿದು, ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದು, ತಟ್ಟೆ ತೊಳೆದಿಟ್ಟರೂ ಹೊತ್ತು ಹಾಗೆಯೇ ನಿಂತಿರುತ್ತಿತ್ತು. ಹೆದ್ದಾರಿಯಲ್ಲಿ ಹೋಗುವ ಲಾರಿಗಳ ಸದ್ದು ಕೇಳುತ್ತ ಮಲಗಿರುತ್ತಿದ್ದೆ. ಹಬ್ಬಕ್ಕೆ ಕಲ್ಯಾಣದ ಬಸ್ಸು ಹತ್ತಿ ಹೋದರೆ ಅತ್ತಿಗೆ "ಯಾವಾಗ ಹೊಂಟೀರಿ?" ಎಂದು ಕೇಳುತ್ತಿದ್ದಳು. ರೊಟ್ಟಿಯ ಅಂದಾಜಿಗೆ ಕೇಳುತ್ತಿದ್ದಳು ಪಾಪ, ನನಗೆ ಮಾತ್ರ ಬೇರೆ ಕೇಳಿಸುತ್ತಿತ್ತು. ಎರಡೂ ಊರಿನಲ್ಲಿ ನಾನು ಯಾರ ಮನೆಯವಳೂ ಅಲ್ಲ ಎನ್ನಿಸಿ, ಬಸ್ಸಿನಲ್ಲಿ ಕೂತಿರುವಷ್ಟು ಹೊತ್ತೇ ಹಿತವಾಗಿರುತ್ತಿತ್ತು.

ಆಯಿ ದಿನಕ್ಕೊಮ್ಮೆಯಾದರೂ ನನ್ನ ಬಾಗಿಲಿಗೆ ಬಂದು, "ಏ ಹುಡಗಿ, ಏನ್ ಮಾಡಾಕತ್ತೀ?" ಎನ್ನುತ್ತಿದ್ದಳು. ಕೈಯಲ್ಲಿ ಪುಂಡಿಪಲ್ಯವೋ ಮಜ್ಜಿಗೆಯೋ ಇರುತ್ತಿತ್ತು. ನಾನು ಅದನ್ನು ತೆಗೆದುಕೊಂಡು, ಮರುದಿನ ಅದೇ ಬಟ್ಟಲಲ್ಲಿ ಏನಾದರೂ ಹಾಕಿ ತಪ್ಪದೆ ಮರಳಿಸುತ್ತಿದ್ದೆ. ಬಾಕಿ ಇಟ್ಟುಕೊಳ್ಳಬಾರದು ಎಂಬುದು ನನ್ನ ನಿಯಮ. ಆಯಿ ಬಟ್ಟಲೊಳಗೆ ನೋಡಿ, ತಲೆಯಾಡಿಸಿ ಒಳಗೆ ಒಯ್ಯುತ್ತಿದ್ದಳು.

ಊಟಕ್ಕೆ ಕರೆಯುವವರು ಬರುತ್ತಿದ್ದರು. ವಾಡೆಯ ಬಾಗಿಲು ದಾಟಿದ ಕೂಡಲೇ ಸಿಗುವುದು ನನ್ನ ಖೋಲಿ. ಅವರು ಅದನ್ನು ದಾಟಿಕೊಂಡು ಅಂಗಳಕ್ಕೆ ಹೋಗಿ, "ಮನಿಗೊಬ್ರು ಬರ್ರಿ ಆಯಿ" ಎಂದು ಹೇಳಿ ಹಾಗೆಯೇ ಹೋಗುತ್ತಿದ್ದರು. ಆಯಿಯ ಮಗ ಹೋಗಿ ಉಂಡು ಬರುತ್ತಿದ್ದ. ಒಲಿಬಂದ್ ಊಟಗಳು ಹೆಚ್ಚಾಗಿ ಮದುವೆಯ ದಿನಗಳಲ್ಲಿ, ಆಗ ನಾನು ಬೇಸಿಗೆ ರಜೆಗೆ ಕಲ್ಯಾಣದಲ್ಲಿರುತ್ತಿದ್ದೆ. ಹೀಗೆ ಎರಡು ವರ್ಷದ ಮೇಲಾಯಿತು. ನನ್ನ ಒಲೆ ದಿನಾ ಎಲ್ಲರ ಕಣ್ಣ ಮುಂದೆ ಉರಿಯುತ್ತಿತ್ತು, ಯಾರಿಗೂ ಅದು ಕಾಣುತ್ತಿರಲಿಲ್ಲ. ಊಟದ ಆಸೆಯಲ್ಲ. ಯಾರಾದರೂ ನನ್ನ ಹೊಸ್ತಿಲಲ್ಲಿ ನಿಂತು, ಇದೂ ಒಂದು ಮನೆ ಎಂದು ಒಪ್ಪಿಕೊಳ್ಳಲಿ ಎಂದು ಜೀವ ಒದ್ದಾಡುತ್ತಿತ್ತು.

ಒಂದು ಮಾಘ ಮಾಸದಲ್ಲಿ ಪಕ್ಕದ ವಾಡೆಯಲ್ಲಿ ಮದುವೆ ಬಂತು. ಅವರಿಗೂ ನಮ್ಮ ಆಯಿಯ ಮನೆಗೂ ನಡುವೆ ಒಂದೇ ಗೋಡೆ, ಆ ಗೋಡೆಯ ಮೇಲೇ ಜಗಳವಾಗಿ ಎಷ್ಟೋ ವರ್ಷದಿಂದ ಊಟ ಬಿಟ್ಟಿದ್ದರು. ನಮ್ಮಲ್ಲಿ ಊಟ ಬಿಟ್ಟರು ಎಂದರೆ ಎಲ್ಲ ಬಿಟ್ಟಂತೆಯೇ. ಈಗ ಆ ಮನೆಯ ಯಜಮಾನರು ತಾವಾಗಿಯೇ ಅಕ್ಷತೆಯ ತಟ್ಟೆ ಹಿಡಿದು ಬಂದರು. ನಾನು ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆ. ಇವರಾದರೂ ನಿಲ್ಲುತ್ತಾರೆ ಎಂದುಕೊಂಡೆ. ಮೊರ ಕೆಳಗಿಟ್ಟು ಸೆರಗು ಸರಿಮಾಡಿಕೊಂಡೆ ಕೂಡ. ಅವರು ನನ್ನನ್ನು ದಾಟಿ ಅಂಗಳಕ್ಕೆ ಹೋದರು.

"ಆಯಿ, ಹಳೇದೆಲ್ಲಾ ಮರತ್ ಬಿಡ್ರಿ. ಐತವಾರ ಒಲಿಬಂದ್ ಅದ. ಮನಿಮಂದಿಯೆಲ್ಲಾ ಬರಬೇಕು. ಎಷ್ಟ್ ಎಲಿ ಹಾಕಸ್ಲಿ?"

ಆಯಿ ಏನು ಹೇಳಿದಳೆಂದು ನಾನು ಕೇಳಲು ನಿಲ್ಲಲಿಲ್ಲ. ಎದ್ದು ಒಳಗೆ ಹೋಗಿಬಿಟ್ಟಿದ್ದೆ. ಯಜಮಾನರು ಹೊರಡುವಾಗ ನನ್ನ ಬಾಗಿಲಲ್ಲಿ ಇಣುಕಿ, "ಸಾಲಿ ಹ್ಯಾಂಗ ನಡದದ್ರಿ ಅಕ್ಕೋರ?" ಎಂದು ಕೇಳಿದರು. ತಟ್ಟೆಯಲ್ಲಿ ಅಕ್ಷತೆ ಇನ್ನೂ ಇತ್ತು. "ಛಲೋ ನಡದದ್ರಿ" ಎಂದೆ.

ಭಾನುವಾರ ಬೆಳಿಗ್ಗೆಯೇ ಆಯಿ, ಸೊಸೆ, ಮೊಮ್ಮಗಳು ಪಕ್ಕದ ಮನೆಗೆ ಹೋದರು. ಇಷ್ಟು ವರ್ಷದ ಮೇಲೆ ಕೂಡಿದ್ದಲ್ಲವೇ, ಕೈಗೆಲಸಕ್ಕೂ ಹೋಗಬೇಕಿತ್ತು. ಮಗ ಆಮೇಲೆ ಹೋದ. ನನಗೆ ಯಾರೂ ಏನೂ ಹೇಳಲಿಲ್ಲ. ನಾನು ಸ್ನಾನ ಮಾಡಿ, ಹಸಿರು ಇಳಕಲ್ ಸೀರೆ ಉಟ್ಟುಕೊಂಡು ಕೂತೆ. ಯಾರಾದರೂ ಬಂದು ಒಂದು ಮಾತು ಅಂದಾರು ಎಂದು. ಹೌದು, ಕೂತಿದ್ದೆ, ಈಗ ಹೇಳಲು ನಾಚಿಕೆಯಿಲ್ಲ. ವಾಲಗ ನಿಂತಿತು. ಅಕ್ಷತೆ ಬಿತ್ತು. ಪಂಕ್ತಿ ಹಾಕುವ ಗದ್ದಲ ಗೋಡೆಯಾಚೆಯಿಂದ ಕೇಳಿಸತೊಡಗಿತು. ಇಡೀ ವಾಡೆಯಲ್ಲಿ ನಾನೊಬ್ಬಳೇ. ಎದ್ದು ಸೀರೆ ಬಿಚ್ಚಿ ಮಡಚಿಟ್ಟೆ, ಹಳೆಯದನ್ನು ಸುತ್ತಿಕೊಂಡು, ಚಪ್ಪರದ ಕೆಳಗೆ ಕೂತು ಒಲೆ ಹೊತ್ತಿಸಿದೆ.

ಗೊತ್ತಿಲ್ಲದೆ ಮಾಡಿದೆ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಸುಳ್ಳು. ಒಣಗಿದ ತೊಗರಿ ಕಟ್ಟಿಗೆ ಖೋಲಿಯಲ್ಲಿ ಇತ್ತು. ನಾನು ಹೊರಗಿನ ಹಸಿ ಕಟ್ಟಿಗೆಯನ್ನು ಹುಡುಕಿ ತಂದು ಇಟ್ಟೆ. ಹೊಗೆ ದಪ್ಪಗೆ ಎದ್ದು ಗೋಡೆ ದಾಟಿ ಮದುವೆಯ ಚಪ್ಪರದ ಕಡೆ ಹೋಯಿತು. ನೋಡಲಿ ಎಂದುಕೊಂಡೆ. ಇಲ್ಲಿ ಒಂದು ಒಲೆ ಇದೆ, ಅದನ್ನು ನೀವು ಕರೆದಿಲ್ಲ, ನೋಡಿರಿ. ಕಣ್ಣು ಉರಿದು ನೀರು ಸುರಿಯುತ್ತಿತ್ತು. ನನಗೆ ಒಂಥರಾ ಗೆದ್ದ ಹಾಗೂ ಆಗಿತ್ತು.

ಸೊಸೆ ಮೂರು ಗಂಟೆಯ ಹೊತ್ತಿಗೆ ಬಂದಳು. ನನ್ನ ಬಾಗಿಲಿಗೆ ಬಂದು ನಿಂತು ಏದುಸಿರು ಬಿಡುತ್ತಿದ್ದಳು.

"ಏನ್ ಮಾಡಿಟ್ರಿ ಅಕ್ಕೋರ ನೀವು? ಯಾಕ ಬರ್ಲಿಲ್ಲ?"

"ನನಗ ಯಾರ್ ಕರದಾರ?"

ಆಕೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಅಲ್ಲಿ ನಡೆದದ್ದನ್ನು ಹೇಳಿದಳು. ಪಂಕ್ತಿ ಕೂತಿತ್ತು. ಉಪ್ಪು, ಉಪ್ಪಿನಕಾಯಿ ಬಡಿಸಿಯಾಗಿತ್ತು. ಆಯಿ ತನ್ನ ಎಲೆಯ ಪಕ್ಕದ ಎಲೆಯ ಮೇಲೆ ಕೈಯಿಟ್ಟುಕೊಂಡು, "ತಡೀರಿ, ನಮ್ಮಾಕಿ ಇನ್ನೊಬ್ಬಾಕಿ ಬರೋದದ" ಎಂದು ಹುಗ್ಗಿ ಬಡಿಸುವವರನ್ನು ನಿಲ್ಲಿಸಿದ್ದಳು. ಇಡೀ ಪಂಕ್ತಿ ಕೈ ಕಟ್ಟಿ ಕಾಯುತ್ತಿತ್ತು. ಆಗ ಗೋಡೆಯ ಮೇಲಿಂದ ಹೊಗೆ ಬಂತು. ಬೀಗರ ಕಡೆಯ ಯಾರೋ ಮೇಲೆ ನೋಡಿ, "ಒಲಿಬಂದ್ ಅಂತೀರಿ, ಆ ಮನ್ಯಾಗ ಒಲಿ ಹೊತ್ತ್ಯಾದಲ್ಲ?" ಎಂದರು. ತುಪ್ಪದ ತಂಬಿಗೆ ಹಿಡಿದು ನಿಂತಿದ್ದ ಯಜಮಾನರ ಮುಖ ಕಪ್ಪಾಯಿತು. ಊಟಕ್ಕೆ ಬಂದ ಹಾಗೆ ಮಾಡಿ ಮನೆಯಲ್ಲಿ ಅಡುಗೆ ಮಾಡಿಸಿದ್ದಾರೆ, ಹಳೆಯದನ್ನು ಮರೆತಿಲ್ಲ ಎಂದು ಎಲ್ಲರೂ ಆಯಿಯ ಕಡೆ ತಿರುಗಿದರು.

"ಅತ್ತಿ ಎಲಿ ಮ್ಯಾಲಿನ ಕೈ ತಗದ್ರು. ಆಮ್ಯಾಗ ಅಂದ್ರು, ಅದು ನಮ್ಮ ಒಲಿ ಅಲ್ಲ, ಕಿರಾಯಿದಾಕಿದು, ಅಕಿ ಬ್ಯಾರೆ ಅಂತ. ಪಕ್ಕದ ಎಲಿ ತಾವೇ ಎತ್ತಿ ಮಡಚಿದ್ರು. ಬಡಸ್ರಿ ಅಂದ್ರು."

ನಾನು ಒಲೆಯ ಮೇಲಿದ್ದ ಪಾತ್ರೆ ಇಳಿಸಿದೆ. ಅದರಲ್ಲಿ ಬರೀ ನೀರಿತ್ತು. ಹಸಿವೆಗೆ ಹೊತ್ತಿಸಿದ ಒಲೆಯಲ್ಲವಲ್ಲ ಅದು.

ಸಂಜೆ ಆಯಿಯ ಮುಂದೆ ಹೋಗಿ ನಿಂತೆ. ಆಕೆ ಪಡಸಾಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು.

"ಆಯಿ, ಅವರು ನನಗ ಕರೀಲಿಲ್ಲ ಅಂತ ತಿಳಕೊಂಡೆ."

"ಮನಿ ಮಗಳಿಗಿ ಬ್ಯಾರೆ ಯಾರ್ ಕರೀತಾರ? ಐದ್ ಎಲಿ ಅಂತ ನಾ ಹೇಳಿದ್ದೆ."

ಐದು. ಆ ಲೆಕ್ಕವನ್ನು ಕೇಳಲು ನಾನು ಎಂಟು ವರ್ಷ ಕಾದಿದ್ದೆ. ಆಯಿ ಅದನ್ನು ಹೇಳುವ ಹೊತ್ತಿಗೆ ನಾನು ಎದ್ದು ಒಳಗೆ ಹೋಗಿದ್ದೆ. ಆಕೆಯ ಕಾಲ ಬಳಿ ಕೂತು ಅಳಬೇಕೆನ್ನಿಸಿತು, ಅತ್ತಿದ್ದರೆ ಎಲ್ಲ ಸರಿಹೋಗುತ್ತಿತ್ತೋ ಏನೋ. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಎಂದು ಮಕ್ಕಳಿಗೆ ಪಾಠ ಹೇಳುತ್ತಿದ್ದವಳು ನಾನು. ಆದರೂ ಬಾಯಿಂದ ಬಂದದ್ದು ಬೇರೆ ಮಾತು.

"ಒಂದ್ ಮಾತ್ ಹೇಳಿದ್ರ ಏನಾಗ್ತಿತ್ರಿ?"

ಆಯಿ ಬತ್ತಿಯನ್ನು ತಟ್ಟೆಯಲ್ಲಿಟ್ಟಳು. "ಹೌದ್ರಿ, ಹೇಳಬೇಕಿತ್ತು. ನೀವು ಮೊದಲ್ನೇ ದಿನಾನೇ ಹೇಳಿದ್ರಿ, ನನ್ನ ಒಲಿ ನನಗ ಅಂತ. ನಾನೇ ತಪ್ಪ್ ತಿಳಕೊಂಡೆ. ಹೋಗ್ಲಿ ಬಿಡ್ರಿ ಅಕ್ಕೋರ." ಅದರಲ್ಲಿ ಸಿಟ್ಟು ಇರಲಿಲ್ಲ. ಅಲ್ಲಿಯವರೆಗೆ ನನ್ನನ್ನು ಆಕೆ ಒಮ್ಮೆಯೂ ನೀವು ಎಂದಿರಲಿಲ್ಲ, ಅಕ್ಕೋರ ಎಂದಿರಲಿಲ್ಲ.

ಆ ಖೋಲಿಯಲ್ಲಿ ನಾನು ಮತ್ತೆ ಆರು ವರ್ಷ ಇದ್ದೆ. ಬಿಡು ಎಂದು ಯಾರೂ ಅನ್ನಲಿಲ್ಲ. ನೀರಿಗೆ, ದೀಪಕ್ಕೆ ಯಾವ ತಕರಾರೂ ಬರಲಿಲ್ಲ. ಮಳೆಗಾಲದಲ್ಲಿ ತಗಡು ಸೋರಿದರೆ ನಾನು ಹೇಳಿದ ದಿನವೇ ಆಯಿಯ ಮಗ ರಿಪೇರಿ ಮಾಡಿಸುತ್ತಿದ್ದ. ಪುಂಡಿಪಲ್ಯ ಬರುವುದು ನಿಂತಿತು. ಎದುರಾದರೆ ಆಯಿ, "ಆರಾಮ ಅದೀರಲ್ರಿ?" ಎಂದು ಕೇಳಿ, ಉತ್ತರಕ್ಕೆ ನಿಂತು, ಆಮೇಲೆ ಹೋಗುತ್ತಿದ್ದಳು. ಇಂಥ ಮರ್ಯಾದೆಯ ಜೊತೆ ಜಗಳವಾಡುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

ಗಲ್ಲಿಯಲ್ಲಿ ಮಾತು ಹರಡಿತ್ತು. ವಾಡೆಯ ಬಾಗಿಲ ಪಕ್ಕದ ಒಲೆ ಬೇರೆ ಎಂದು ಎಲ್ಲರಿಗೂ ಗೊತ್ತಾಯಿತು. ಮೂರು ತಿಂಗಳೂ ಆಗಿರಲಿಲ್ಲ, ಗಲ್ಲಿಯ ಕೊನೆಯ ಮನೆಯವರು ಮಗನ ಮದುವೆಗೆ ಕರೆಯಲು ಬಂದರು. ನಾನು ಆ ವರ್ಷ ರಜೆಗೆ ಕಲ್ಯಾಣಕ್ಕೆ ಹೋಗಿರಲಿಲ್ಲ. ಅವರು ಒಳಗೆ ಕಾಲಿಟ್ಟವರೇ ನನ್ನ ಹೊಸ್ತಿಲಲ್ಲಿ ನಿಂತರು. ನಾನು ಅಂಗೈ ಒಡ್ಡಿದೆ. ಅಕ್ಷತೆ ಹಾಕಿ, ಎಲ್ಲರಿಗೂ ಹೇಳುವ ಹಾಗೆಯೇ ಹೇಳಿದರು.

"ಮಂಗಳವಾರ ಒಲಿಬಂದ್ ಅದ್ರಿ ಅಕ್ಕೋರ. ಮನಿಮಂದಿಯೆಲ್ಲಾ ಬರ್ರಿ."

ಆಮೇಲೆ ಅಂಗಳಕ್ಕೆ ಹೋಗಿ ಆಯಿಗೆ ಬೇರೆಯಾಗಿ ಹೇಳಿದರು. ಎಷ್ಟು ಎಲೆ ಎಂದು ಕೇಳಿದರು. ಈ ಸಲ ನಾನು ಒಳಗೆ ಹೋಗಲಿಲ್ಲ. ಆಯಿ ನಾಲ್ಕು ಎಂದದ್ದು ಸ್ಪಷ್ಟವಾಗಿ ಕೇಳಿಸಿತು.

ಮಂಗಳವಾರ ಒಲೆ ಹೊತ್ತಿಸದೆ, ಖೋಲಿಗೆ ಕೀಲಿ ಹಾಕಿಕೊಂಡು ಹೋದೆ. ಹೆಂಗಸರ ಪಂಕ್ತಿಯಲ್ಲಿ ಆಯಿ, ಸೊಸೆ, ಮೊಮ್ಮಗಳು ಒಟ್ಟಿಗೆ ಕೂತಿದ್ದರು. ನನಗೆ ಸ್ವಲ್ಪ ದೂರದಲ್ಲಿ, ಅದೇ ಸಾಲಿನಲ್ಲಿ, ಎಲೆ ಸಿಕ್ಕಿತು. ಪಕ್ಕದ ಎಲೆಯ ಮುಂದೆ ಯಾರೂ ಕೂತಿರಲಿಲ್ಲ. ಹುಗ್ಗಿಯ ಬಕೆಟ್ಟು ಹಿಡಿದು ಬಂದ ಹೆಂಗಸು ಆ ಖಾಲಿ ಎಲೆ ನೋಡಿ ನಿಂತಳು.

"ಅಕ್ಕೋರ, ನಿಮ್ಮ ಮನ್ಯಾಗಿಂದ ಇನ್ನ ಯಾರರ ಬರೋರು ಅದಾರೇನ್ರಿ? ಪಂಕ್ತಿ ತಡೀಲೇನ್ರಿ?"

ಸಾಲಿನವರೆಲ್ಲ ಕೈ ತಡೆದು ನನ್ನ ಕಡೆ ನೋಡಿದರು. ಆಯಿ ಮಾತ್ರ ತನ್ನ ಎಲೆಯನ್ನೇ ನೋಡುತ್ತಿದ್ದಳು.

"ಯಾರೂ ಇಲ್ರಿ," ಎಂದೆ. "ಬಡಸ್ರಿ."